ಹಳೇ ಹುಬ್ಬಳ್ಳಿ ಹಳ್ಳಿ ಅಲ್ರೀ!

ಬ್ಲಾಗಿಗ ಮಿತ್ರರಲ್ಲಿ ಒಂದು ವಿನಂತಿ. ಇನ್ನು ಮೇಲೆ ಹಳೇ ಹುಬ್ಬಳ್ಳಿ ಬಗ್ಗೆ ಬರೆಯುವಾಗ ದಯವಿಟ್ಟು "ಮಹಾನಗರದ ಮಡಿಲಲ್ಲೊಂದು ಪುಟ್ಟ ಹಳ್ಳಿ" ಅಂತ ಬರೀಬೇಡಿ. ಈ ನಾಲ್ಕು ವರ್ಷದಲ್ಲಿ ಇಂಥ ಬರಹ ಕನಿಷ್ಠ ಹತ್ತಾದರೂ ಓದಿದ್ದೇನೆ. ಎಲ್ಲದರಲ್ಲೂ ಅದೇ ಸಾಮಾನು. ಕಟ್ಟೆ ಮೇಲೆ ಕೂತ ಅಜ್ಜ, ಓಣಿಯಲ್ಲಿ ಮೆಲುಕು ಹಾಕುತ್ತಾ ಮಲಗಿದ ಎಮ್ಮೆ, ರೊಟ್ಟಿ ಬಡಿಯುವ ಸದ್ದು, ಮಿರ್ಚಿ ಭಜಿ, ಇಳಿಬಿಸಿಲು, ಕೊನೆಗೊಂದು ನಿಟ್ಟುಸಿರು. ಫೋಟೋ ಇದ್ದರೆ ಅದು ಹಳೇ ಕಟ್ಟಿಗೆ ಬಾಗಿಲಿನದೇ. ಆ ಬಾಗಿಲ ಹಿಂದೆ ಎಷ್ಟು ಜನ ಇದ್ದಾರೆ, ಎಷ್ಟು ಕೊಡ ನೀರಿದೆ ಅನ್ನೋದು ಯಾವ ಬರಹದಲ್ಲೂ ಇಲ್ಲ.

"ಪಾಪ, ಮೆಚ್ಚಿ ಬರೆದಿದ್ದಾರೆ, ನಿಂಗೇನಪ್ಪಾ ಕಷ್ಟ?" ಅಂತೀರಾ? ಕಷ್ಟ ಇದೆ. ನಾನು ಇಲ್ಲೇ ಬಾಡಿಗೆಗೆ ಇರುವವನು, 2021ರಿಂದ. ಕಂಪನಿ ಬೆಂಗಳೂರಿನದು, ಕೆಲಸ ಮನೆಯಿಂದ. ಗೋಕುಲ ರೋಡಿನ ಕಡೆ ಬಾಡಿಗೆ ಜಾಸ್ತಿ ಅಂತ ಇಲ್ಲಿಗೆ ಬಂದೆ, ಆಮೇಲೆ ಬಿಟ್ಟು ಹೋಗಬೇಕು ಅನ್ನಿಸಲಿಲ್ಲ. ಕಳೆದ ವರ್ಷ ಬೆಂಗಳೂರಿನ ಸಹೋದ್ಯೋಗಿಯೊಬ್ಬ ಬಂದಿದ್ದ. ಓಣಿಯ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹಾಕಿ, "ಮಗಾ, ಸಕ್ಕತ್ ಬೊಹೆಮಿಯನ್ ಆಗಿದೆ ನಿನ್ ಏರಿಯಾ!" ಅಂದ. ಪಕ್ಕದ ಮನೆ ಕಾಕಾ ಕಟ್ಟೆ ಮೇಲೆ ಕೂತಿದ್ದರು. "ಏನಂತಾರ್ ತಮ್ಮಾ ಅವರು?" ಅಂತ ಕೇಳಿದರು. "ಭಾಳ ಚಂದ ಐತಿ ಅಂತಾರ್ ಕಾಕಾ" ಅಂದೆ. "ಹೌದಾ? ಹಂಗಾರ ಅವರಿಗೂ ಒಂದು ಖೋಲಿ ನೋಡೂಣೇನು?" ಅಂದರು ಕಾಕಾ, ಖರೇನೇ ಕೇಳಿದ್ದು. ನಮ್ಮ ಬೊಹೆಮಿಯನ್ ಪ್ರೇಮಿ ನಕ್ಕು, ರಾತ್ರಿ ಮಲಗೋಕೆ ಗೋಕುಲ ರೋಡಿನ ಹೋಟೆಲಿಗೆ ಹೋದ :-)

ನಾನು ಹುಟ್ಟಿದ್ದು ಹಳ್ಳಿಯಲ್ಲಿ, ರೋಣದ ಕಡೆ. ಆದ್ದರಿಂದ ಹಳ್ಳಿ ಅಂದ್ರೆ ಏನು ಅಂತ ಸ್ವಲ್ಪ ಗೊತ್ತು. ಹಳ್ಳಿ ಅಂದ್ರೆ ಮೊದಲು ಹೊಲ. ಯಾರ ಹೊಲ ಯಾವ ಹೊಲಕ್ಕೆ ಹತ್ತಿದೆ, ಬದುವಿನ ಜಗಳ ಯಾವ ಅಜ್ಜನ ಕಾಲಕ್ಕೆ ಶುರುವಾಯ್ತು, ಯಾರ ಓಣಿಗೆ ಯಾರು ಯಾವ ಹೊತ್ತಿಗೆ ಹೋಗಬಹುದು... ಇವೆಲ್ಲ ನೀವು ಹುಟ್ಟುವ ಮೊದಲೇ ತೀರ್ಮಾನ ಆಗಿರುತ್ತೆ. ನಮ್ಮೂರಲ್ಲಿ ನನ್ನನ್ನು ಕೇಳುವುದು "ಯಾರ ಮಗ?" ಅಂತ. ನನ್ನ ಹೆಸರು ಯಾರಿಗೂ ಬೇಕಿಲ್ಲ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರಿಗೂ ಹೊಲ ಇಲ್ಲ. ಇದ್ದರೂ ಅದು ಕುಂದಗೋಳದಲ್ಲೋ ಕಲಘಟಗಿಯಲ್ಲೋ ಅಣ್ಣತಮ್ಮಂದಿರ ತಕರಾರಿನಲ್ಲಿದೆ. ಎದುರು ಮನೆಯವರ ಅಜ್ಜ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆ ಅಂತ ಬಂದವರು (ಆ ವರ್ಕ್‌ಶಾಪು ಶುರುವಾದದ್ದು 1880ರ ಸುಮಾರಿಗೆ). ಅದರಾಚೆ ಮಗ್ಗದವರು. ಮೂಲೆಯಲ್ಲಿ ಆಟೋ ಓಡಿಸುವ ಚಾಚಾ. ಅವರ ಮಾಳಿಗೆ ಮೇಲಿನ ಖೋಲಿಯಲ್ಲಿ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ, ಬಾಗಲಕೋಟೆ ಕಡೆಯವನು. ಅವನ ಕೆಳಗೆ ನಾನು. ಒಬ್ಬರ ಅಜ್ಜ ಇನ್ನೊಬ್ಬರ ಅಜ್ಜನಿಗೆ ಗೊತ್ತಿರಲಿಲ್ಲ. ಎಲ್ಲರೂ ರೊಕ್ಕ ದುಡಿಯೋಕೆ ಅಂತಲೇ ಬಂದವರು. ಇದಕ್ಕೆ ನಮ್ಮ ಕಡೆ ಪ್ಯಾಟಿ ಅಂತಾರ್ರೀ, ಹಳ್ಳಿ ಅನ್ನೋದಿಲ್ಲ.

ಇತಿಹಾಸ ತೆಗೆದರೂ ಅಷ್ಟೇ. ಇದರ ಹಳೇ ಹೆಸರು ರಾಯರ ಹುಬ್ಬಳ್ಳಿ. ಭವಾನಿಶಂಕರ ದೇವಸ್ಥಾನ ಚಾಲುಕ್ಯರ ಕಾಲದ್ದು. ವಿಜಯನಗರದ ಕಾಲಕ್ಕೆ ಹತ್ತಿ, ಪೆಟ್ಲುಪ್ಪು, ಕಬ್ಬಿಣದ ವ್ಯಾಪಾರ ನಡೀತಿದ್ದ ಪೇಟೆ ಇದು. ಆದಿಲ್‌ಶಾಹಿ ಕಾಲದಲ್ಲಿ ಇಂಗ್ಲಿಷರು ಹುಬ್ಬಳ್ಳಿಯಲ್ಲಿ ಕೋಠಿ ಹಾಕಿದ್ದರು, 1673ರಲ್ಲಿ ಮರಾಠರು ಅದನ್ನು ಲೂಟಿ ಮಾಡಿದರು. ಅಷ್ಟು ದೂರದಿಂದ ಕುದುರೆ ಏರಿ ಯಾರಾದ್ರೂ ಎಮ್ಮೆ ಲೂಟಿ ಮಾಡೋಕೆ ಬರ್ತಾರಾ? ಮಾಲಿತ್ತು, ಬಂದರು. ಆಮೇಲೆ 1727ರಲ್ಲಿ, ಸವಣೂರು ನವಾಬರ ಆಳ್ವಿಕೆಯಲ್ಲಿ, ಬಸಪ್ಪ ಶೆಟ್ಟರ್ ಅನ್ನೋ ವ್ಯಾಪಾರಿ ಈಗಿನ ದುರ್ಗದಬೈಲಿನ ಕೋಟೆಯ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿಸಿದರು. ಆವಾಗ ಇದಕ್ಕೆ 'ಹಳೇ' ಅನ್ನೋ ಪದ ಅಂಟಿಕೊಂಡಿತು. ಮರಾಠರ ಕಾಲಕ್ಕೆ ಎರಡೂ ಊರಿಗೆ ಬೇರೆ ಬೇರೆ ಧಣಿಗಳು. ಹಳೇ ಹುಬ್ಬಳ್ಳಿ ಪೇಶ್ವೆ ಕಡೆಯ ಫಡಕೆಯವರಿಗೆ, ಹೊಸ ಹುಬ್ಬಳ್ಳಿ ಸಾಂಗ್ಲಿಯ ಪಟವರ್ಧನರಿಗೆ. ಇಂಗ್ಲಿಷರು ಹಳೇದನ್ನು 1817ರಲ್ಲಿ ತಗೊಂಡರು, ಹೊಸದನ್ನು 1820ರಲ್ಲಿ. ತಮಾಷೆ ನೋಡಿ, ಪಟವರ್ಧನರು ಹೊಸ ಹುಬ್ಬಳ್ಳಿ ಕೊಡುವಾಗ ಅದರ ಜೊತೆ 47 ಹಳ್ಳಿ ಸೇರಿಸಿ ಕೊಟ್ಟರು. ಹಳ್ಳಿಗಳೆಲ್ಲ ಆ ಕಡೆ ಇದ್ದವು ಸ್ವಾಮಿ!

'ಹಳೇ' ಅಂದ್ರೆ ಮೊದಲಿನದು. 'ಹಳೇ'ಗೂ 'ಹಳ್ಳಿ'ಗೂ ನಡುವೆ ಒಂದು ಒತ್ತಕ್ಷರ ಇದೆ, ಅದನ್ನು ಸುಮ್ಮನೆ ಸೇರಿಸಬೇಡಿ.

ಹಳೇ ಹುಬ್ಬಳ್ಳಿಯಲ್ಲಿ ಬದುಕಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಯಾವುದು ಹೇಳಿ? ಸಿದ್ಧಾರೂಢರು. ಅವರು ಹುಟ್ಟಿದ್ದು 1836ರಲ್ಲಿ, ಬೀದರ್ ಸೀಮೆಯ ಚಳಕಾಪುರದಲ್ಲಿ. ಊರೂರು ತಿರುಗಿ ಕೊನೆಗೆ ಇಲ್ಲಿ ನೆಲೆ ನಿಂತರು, 1929ರಲ್ಲಿ ಇಲ್ಲೇ ದೇಹ ಬಿಟ್ಟರು. ಅವರೂ ಹೊರಗಿನವರೇ. ಶಿವರಾತ್ರಿ ಜಾತ್ರೆಗೆ ಮಠದ ಮುಂದೆ ಸೇರುವ ಸಾವಿರಾರು ಜನರಲ್ಲಿ ಒಬ್ಬರನ್ನೊಬ್ಬರು ಬಲ್ಲವರು ಎಷ್ಟು ಜನ? ಆದರೂ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಉಣ್ಣುತ್ತಾರೆ. 2020ರಲ್ಲಿ ರೈಲು ನಿಲ್ದಾಣಕ್ಕೆ ಅವರದೇ ಹೆಸರಿಟ್ಟರು. 2023ರಲ್ಲಿ ಉದ್ಘಾಟನೆಯಾದ 1507 ಮೀಟರಿನ ಪ್ಲಾಟ್‌ಫಾರ್ಮಿನ ಫೋಟೋವನ್ನು ನೀವೆಲ್ಲ ಹಂಚಿಕೊಂಡಿದ್ದೀರಿ. ಅದಕ್ಕೆ ಮಾತ್ರ ಯಾರೂ ಹಳ್ಳಿ ನಿಲ್ದಾಣ ಅನ್ನಲಿಲ್ಲ ನೋಡಿ.

ನನ್ನ ವಾದ ಇಷ್ಟೇ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ನಿಮಗೆ ಕಾಣುವ ಆ 'ಹಳ್ಳಿತನ' ಹಳ್ಳಿಯಿಂದ ಬಂದದ್ದಲ್ಲ. ಪರಿಚಯ ಇಲ್ಲದ ಜನ, ಕೈಯಲ್ಲಿ ರೊಕ್ಕ ಕಡಿಮೆ ಇದ್ದಾಗ, ಗೋಡೆಗೆ ಗೋಡೆ ಹತ್ತಿಸಿಕೊಂಡು ಬದುಕೋಕೆ ಮಾಡಿಕೊಂಡ ವ್ಯವಸ್ಥೆ ಅದು. ಅಪ್ಪಟ ನಗರದ ವಿದ್ಯೆ.

ಉದಾಹರಣೆಗೆ ಉದ್ರಿ. ಮೂಲೆಯ ಕಿರಾಣಿ ಅಂಗಡಿಯ ಅಕ್ಕ ನನಗೆ ಉದ್ರಿ ಕೊಡೋಕೆ ಶುರು ಮಾಡಿದ್ದು ಮೂರು ತಿಂಗಳಾದ ಮೇಲೆ. ನನ್ನ ಅಪ್ಪ ಯಾರು ಅಂತ ತಿಳಿದು ಕೊಟ್ಟದ್ದಲ್ಲ. ತಿಂಗಳ ಯಾವ ತಾರೀಖಿಗೆ ನನಗೆ ಪಗಾರ ಬೀಳುತ್ತೆ, ಬಿದ್ದ ದಿನ ನಾನು ಏನು ಖರೀದಿ ಮಾಡ್ತೀನಿ, ಮಾತಿಗೆ ತಪ್ಪಿದ್ದೀನಾ ಅಂತ ಮೂರು ತಿಂಗಳು ಸುಮ್ಮನೆ ನೋಡಿ ಕೊಟ್ಟದ್ದು. ಬ್ಯಾಂಕಿನವರು ಕಂಪ್ಯೂಟರಿನಲ್ಲಿ ಮಾಡುವ ಕೆಲಸವನ್ನೇ ಆಕೆ ತಲೆಯಲ್ಲಿ ಮಾಡಿದ್ದಾರೆ. ಭಿಶಿ ನೋಡಿ. ಹನ್ನೆರಡು ಹೆಂಗಸರು ತಿಂಗಳಿಗಿಷ್ಟು ಅಂತ ಹಾಕಿ, ಚೀಟಿ ಎತ್ತಿ, ಒಬ್ಬರ ಮಗಳ ಕಾಲೇಜು ಫೀಸು, ಇನ್ನೊಬ್ಬರ ಹೊಲಿಗೆ ಯಂತ್ರ. ಆ ಹನ್ನೆರಡರಲ್ಲಿ ಮೂರು ನಾಲ್ಕು ಜಾತಿ, ಎರಡು ಧರ್ಮ ಇದೆ. ನನ್ನ ಹಳ್ಳಿಯಲ್ಲಿ ಇಂಥದ್ದೊಂದು ಭಿಶಿ ನಾನು ಕಂಡಿಲ್ಲ. ಅಲ್ಲಿ ಹೆಂಗಸರು ಸಂಘದ ಹೆಸರಲ್ಲಿ ಕೂಡಿದರೂ ಓಣಿಗೊಂದು ಸಂಘ, ಓಣಿ ಅಂದ್ರೆ ಜಾತಿ.

ಇನ್ನು ನೀರು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ನಮ್ಮ ಓಣಿಗೆ ನಳದ ನೀರು ಆರು ದಿನಕ್ಕೊಮ್ಮೆಯೋ ಎಂಟು ದಿನಕ್ಕೊಮ್ಮೆಯೋ ಬರುತ್ತೆ. ನೀರು ಬರೋದು ಸವದತ್ತಿಯ ಮಲಪ್ರಭಾ ಜಲಾಶಯದಿಂದ. ಅಷ್ಟು ದೂರದಿಂದ ಬಂದ ನೀರು ನಮ್ಮ ಓಣಿಗೆ ಎಷ್ಟು ಗಂಟೆಗೆ ಬರುತ್ತೆ ಅನ್ನೋದು ವಾಲ್‌ಮನ್ ಕೈಯಲ್ಲಿರುತ್ತೆ. ರಾತ್ರಿ ಎರಡಕ್ಕೆ ಬರಬಹುದು, ಮಧ್ಯಾಹ್ನ ಮೂರಕ್ಕೂ ಬರಬಹುದು. ಬರುವಾಗ ಮನೆಯಲ್ಲಿ ಯಾರಾದರೂ ಇರಲೇಬೇಕು. ಎಂದರೆ ಹೆಂಗಸರು ಇರಲೇಬೇಕು ಅಂತ ಓದಿಕೊಳ್ಳಿ. ನೀರಿನ ದಿನ ಕೂಲಿ ಇಲ್ಲ, ಶಾಲೆ ಇಲ್ಲ. 2011ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ಓದಿದವರು ನೆಕ್ಸ್ಟ್‌ಡ್ರಾಪ್ ಅನ್ನೋ ಸಂಸ್ಥೆ ಕಟ್ಟಿ ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಪ್ರಯೋಗ ಮಾಡಿದರು. ವಾಲ್‌ಮನ್ ವಾಲ್ವ್ ತಿರುಗಿಸುವಾಗ ಒಂದು ಫೋನ್ ಮಾಡಬೇಕು, ಆ ಭಾಗದ ಮನೆಗಳಿಗೆಲ್ಲ 'ನೀರು ಬರುತ್ತಿದೆ' ಅಂತ ಎಸ್ಸೆಮ್ಮೆಸ್ ಹೋಗಬೇಕು. ಸಾಫ್ಟ್‌ವೇರಿನವನಾಗಿ ಹೇಳ್ತೀನಿ, ಒಳ್ಳೇ ಐಡಿಯಾ. ಆಮೇಲೆ ಅವರು ಬೆಂಗಳೂರಿಗೆ ಹೋದರು. ಈಗ ನಮ್ಮ ಓಣಿಯಲ್ಲಿ ಆ ಕೆಲಸ ಯಾರು ಮಾಡ್ತಾರೆ ಗೊತ್ತೇ? ಮೊದಲನೇ ಮನೆಯ ಅವ್ವ. ಅವರ ನಳಕ್ಕೆ ಮೊದಲು ಗಾಳಿ ಬರುತ್ತೆ, ಸುಯ್ ಅನ್ನುತ್ತೆ. ಅವರು ಎದ್ದು ತಾಮ್ರದ ಕೊಡಕ್ಕೆ ಸೌಟಿನಿಂದ ಎರಡು ಬಾರಿಸುತ್ತಾರೆ. ಮುಂದಿನ ಮನೆಯವರು ಅದರ ಮುಂದಿನ ಮನೆಗೆ ಕೂಗುತ್ತಾರೆ. ಎರಡು ನಿಮಿಷದಲ್ಲಿ ಇಡೀ ಓಣಿಗೆ ಸುದ್ದಿ. ಸರ್ವರ್ ಬೇಡ, ಸಿಗ್ನಲ್ ಬೇಡ. ಆದರೆ ಆ ಅವ್ವನಿಗೆ ಎಪ್ಪತ್ತು ದಾಟಿದೆ, ರಾತ್ರಿ ನಿದ್ದೆ ಇಲ್ಲ.

ನೀವು ಬಂದಾಗ ಕೇಳಿಸಿಕೊಂಡು "ಆಹಾ, ಬೆಳಗಿನ ಜಾವದ ಕೊಡದ ನಾದ!" ಅಂತ ಬರೆಯುವುದು ಇದನ್ನೇ.

ಇದೇ ಹುಬ್ಬಳ್ಳಿ-ಧಾರವಾಡದಲ್ಲಿ 2008ರಲ್ಲೇ ವಿಶ್ವಬ್ಯಾಂಕಿನ ನೆರವಿನಿಂದ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡೋಕೆ ಶುರು ಮಾಡಿದರು. ಅಂದ್ರೆ ಆಗದ ಕೆಲಸ ಏನಲ್ಲ. ನಗರಕ್ಕೆ ಇಂಥದ್ದು ಸಿಗಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಹಳ್ಳಿಗೆ? ಹಳ್ಳಿ ಅಂದ ಕೂಡಲೇ ನಿಮ್ಮ ಮನಸ್ಸಿನಲ್ಲಿ ಹೆಂಗಸರು ಕೊಡ ಹೊತ್ತು ಸಾಲಾಗಿ ನಡೆಯೋದು ಸಹಜವಾಗಿಬಿಡುತ್ತೆ, ಕ್ಯಾಲೆಂಡರಿನ ಚಿತ್ರದ ಹಾಗೆ. ನನ್ನ ತಕರಾರಿನ ಮೂಲ ಇದು. 'ಹಳ್ಳಿ' ಅನ್ನೋದು ಮೆಚ್ಚುಗೆಯ ಮಾತಾಗಿ ನಿಮ್ಮ ಬಾಯಿಂದ ಹೊರಡುತ್ತೆ, ಕಚೇರಿಗೆ ಹೋಗಿ ಮುಟ್ಟುವ ಹೊತ್ತಿಗೆ ನೆಪ ಆಗಿರುತ್ತೆ. ನಮ್ಮ ಓಣಿಯ ಗಟಾರ ಕಟ್ಟಿಕೊಂಡು ಮಳೆಗಾಲದಲ್ಲಿ ಪಡಸಾಲೆಗೆ ನೀರು ನುಗ್ಗುತ್ತೆ. ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದೆವು (ಯಾವುದು ಅಂತ ಬೇಡ, ಮತ್ತೆ ಅಲ್ಲಿಗೇ ಹೋಗಬೇಕು). ಅಲ್ಲಿದ್ದವರು ಅರ್ಜಿ ಓದಿ, "ಹಳೇ ಊರಲ್ರೀ, ಹಳ್ಳಿ ಇದ್ದಂಗ ಐತಿ. ಅಲ್ಲೆಲ್ಲಾ ಹಿಂಗ ಇರೂದು. ನೀವು ಕಲಿತಾವ್ರು, ವಿದ್ಯಾನಗರ ಕಡೆ ಹೋಗ್ರಲಾ" ಅಂದರು. ಬೈದದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಜೊತೆಗೆ ಬಂದಿದ್ದ ಕಾಕಾ ಮಾತ್ರ, "ನಾವು ಕಲಿತಿಲ್ರಿ ಸಾಹೇಬ್ರ, ನಾವ್ ಎಲ್ಲಿಗೆ ಹೋಗೂಣ್ರಿ?" ಅಂತ ಕೇಳಿದರು. ಉತ್ತರ ಬರಲಿಲ್ಲ.

2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರ. ಆ ಲೆಕ್ಕದಲ್ಲಿ ನಮ್ಮ ಓಣಿಯವರೂ ಇದ್ದಾರೆ. ದೊಡ್ಡ ನಗರ ಅಂತ ಎದೆ ತಟ್ಟಿಕೊಂಡು ಅನುದಾನ ಕೇಳುವಾಗ ನಾವು ನಗರದವರು, ಅನುದಾನ ಹಂಚುವಾಗ ಹಳ್ಳಿಯವರು. ಧಾರವಾಡದ ದಾರಿಯಲ್ಲಿ ಚಿಗರಿ ಬಸ್ಸು ಓಡೋದು ನೋಡಿ ನನಗೂ ಖುಷಿ ಇದೆ, ಅದರ ಏಸಿಯಲ್ಲಿ ನಾನೂ ಕೂತಿದ್ದೇನೆ. ಆದರೆ ಆ ಬಸ್ಸು ಹಿಡಿಯೋಕೆ ಇಂಡಿ ಪಂಪ್ ಹತ್ತಿರ ಆಟೋಕ್ಕೆ ಕಾದು ನಿಂತಾಗ ಆ ಖುಷಿ ಅರ್ಧ ಇಳಿಯುತ್ತೆ.

ಇನ್ನೊಂದು ಕಡೆಯವರನ್ನೂ ಬಿಡೋದಿಲ್ಲ. "ಓಣಿ ಅಂದ್ರೆ ಸ್ವರ್ಗ, ಅಪಾರ್ಟ್‌ಮೆಂಟು ಅಂದ್ರೆ ಜೈಲು" ಅಂತ ಬರೆಯುವವರು ಹೆಚ್ಚಿನವರು ಗಂಡಸರು, ಅದೂ ಇಲ್ಲಿಂದ ಬಿಟ್ಟು ಹೋದವರು. ಖೋಲಿ ಕೇಳಿಕೊಂಡು ಬಂದಾಗ ನನ್ನನ್ನು ಮೊದಲು ಕೇಳಿದ್ದು "ನೀವ್ ಯಾವ ಮಂದಿರೀ?" ಅಂತ. ಸಂಬಳ ಎಷ್ಟು ಅನ್ನೋದು ಆಮೇಲೆ. ಮೂರು ಮನೆಯಲ್ಲಿ ಅದೇ ಪ್ರಶ್ನೆ. ನಾನು ಉತ್ತರ ಹೇಳದೆ ನಕ್ಕಿದ್ದಕ್ಕೆ ಎರಡು ಮನೆ ಹೋದವು. ನನ್ನ ತಂಡದ ಹುಡುಗಿಯೊಬ್ಬಳು, ಇವಳೂ ಈ ಕಡೆಯವಳೇ, ಇಲ್ಲೇ ಖೋಲಿ ಮಾಡಬೇಕು ಅಂತ ಒಂದು ವಾರ ಅಡ್ಡಾಡಿದಳು. "ರಾತ್ರಿ ಎಷ್ಟಕ್ಕ ಕೆಲಸ ಮುಗಿತದ?" "ಒಬ್ಬಾಕೀನ ಇರ್ತಿ?" "ಯಾರ್ಯಾರ್ ಬರ್ತಾರ?" ಕೊನೆಗೆ ಆಕೆ ಹೋದದ್ದು ನೀವು ಜೈಲು ಅಂತ ಬರೆದ ಅಪಾರ್ಟ್‌ಮೆಂಟಿಗೇ. ಅಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ ಅಂತ ನೀವು ಮರುಗುತ್ತೀರಿ. ಆಕೆಗೆ ಅದೇ ಬೇಕಾಗಿತ್ತು. ಕಟ್ಟೆ ಮೇಲೆ ಕೂತ ಅಜ್ಜ ನಿಮಗೆ ಚಿತ್ರದ ಹಾಗೆ ಕಾಣುತ್ತಾನೆ. ಆಕೆಗೆ ಅವನು ಗಡಿಯಾರ ನೋಡುವ ಕಾವಲುಗಾರ. ಹಳೇ ಹುಬ್ಬಳ್ಳಿಯಲ್ಲಿ ನಿಜವಾಗಲೂ ಹಳ್ಳಿಯದು ಅನ್ನುವಂಥದ್ದು ಏನಾದರೂ ಉಳಿದಿದ್ದರೆ ಇದೇ, ಮತ್ತು ಹೋಗಬೇಕಾದದ್ದೂ ಇದೇ. ನೀವು ಹೊಗಳುವಾಗ ಇದನ್ನೂ ಸೇರಿಸಿ ಹೊಗಳಿಬಿಡುತ್ತೀರಿ.

ಏಪ್ರಿಲ್ 2022ರ ಮಾತು ತೆಗೆಯದೆ ಹೋದರೆ ಕಾಮೆಂಟಿನಲ್ಲಿ ಯಾರಾದರೂ ತೆಗೆದೇ ತೆಗೀತೀರಿ. ಒಂದು ವಾಟ್ಸಾಪ್ ಸ್ಟೇಟಸ್, ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಮುಂದೆ ಗುಂಪು, ಕಲ್ಲು ತೂರಾಟ, ಪೊಲೀಸರಿಗೆ ಗಾಯ, ನೂರಕ್ಕೂ ಹೆಚ್ಚು ಜನರ ಬಂಧನ, ಊರೆಲ್ಲ ನಿಷೇಧಾಜ್ಞೆ. 2024ರಲ್ಲಿ ಸರ್ಕಾರ ಆ ಪ್ರಕರಣ ಹಿಂಪಡೆಯೋಕೆ ಹೊರಟಿತು, 2025ರಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಕಲ್ಲು ಹೊಡೆದವರ ಪರ ನನ್ನದು ಒಂದಕ್ಷರವೂ ಇಲ್ಲ. ನಾನು ನೋಡಿದ್ದು ಬೇರೆ. ಅಲ್ಲಿಯ ತನಕ "ಸೌಹಾರ್ದದ ಹಳ್ಳಿ" ಅಂತ ಬರೀತಿದ್ದವರು ಆ ವಾರ ಮಾಯವಾದರು. ಟೀವಿಯವರಿಗೆ ನಾವು ರಾತ್ರೋರಾತ್ರಿ "ಸೂಕ್ಷ್ಮ ಪ್ರದೇಶ" ಆದೆವು. ಎರಡೂ ಹೆಸರು ಕೊಟ್ಟವರು ಹೊರಗಿನವರೇ. ಓಣಿಯಲ್ಲಿ ಆ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು, ಬಾಗಿಲು ಬೇಗ ಹಾಕುತ್ತಿದ್ದರು, ಇದು ಖರೆ. ಆದರೆ ಆ ವಾರವೂ ನಳ ಬಂತು. ಆಟೋ ಚಾಚಾ ಮನೆಯಿಂದ ಹೊರಗೆ ಬರಲಿಲ್ಲ, ಅವರ ಮನೆಯ ಎರಡು ಬ್ಯಾರಲ್ ತುಂಬಿಸಿಟ್ಟದ್ದು ಎದುರು ಮನೆಯ ರೈಲ್ವೆಯವರು. ಅದು ಪ್ರೀತಿಯಿಂದ ಮಾಡಿದ್ದೋ ರೂಢಿಯಿಂದ ಮಾಡಿದ್ದೋ ನಾನು ಕೇಳಲಿಲ್ಲ. ರೂಢಿಯಿಂದ ಅಂತಾದರೆ ನನಗೆ ಇನ್ನೂ ಒಳ್ಳೇದು. ಪ್ರೀತಿ ಒಂದು ಸ್ಟೇಟಸ್ಸಿಗೆ ಕೆಡುತ್ತೆ, ರೂಢಿ ಅಷ್ಟು ಬೇಗ ಕೆಡೋದಿಲ್ಲ.

ಈಗ ಬೊಹೆಮಿಯನ್ ಮಾತು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಹೆಸರು ಕೇಳಿರುತ್ತೀರಿ. ಹೆಸರಲ್ಲೇ ಹಳ್ಳಿ ಇದೆ. ಮೊದಲು ಅದು ನಿಜವಾಗಿಯೂ ಬೇರೆಯ ಹಳ್ಳಿಯೇ, ನಗರ ಬೆಳೆದು ನುಂಗಿತು. 20ನೇ ಶತಮಾನದ ಮೊದಲಲ್ಲಿ ಬಾಡಿಗೆ ಅಗ್ಗ ಅಂತ ಕವಿಗಳು, ಚಿತ್ರಕಾರರು ಬಂದು ಸೇರಿದರು. ಅಲ್ಲೇ ಇದ್ದ ಜೇನ್ ಜೇಕಬ್ಸ್ ಅನ್ನೋ ಹೆಂಗಸು 1961ರಲ್ಲಿ ಅಮೆರಿಕದ ನಗರಗಳ ಸಾವು ಬದುಕಿನ ಬಗ್ಗೆ ಒಂದು ಪುಸ್ತಕ ಬರೆದರು. ಕಟ್ಟೆ, ಮೂಲೆ ಅಂಗಡಿ, ಬೀದಿಯ ಮೇಲಿನ ಕಣ್ಣುಗಳು, ಇವೆಲ್ಲ ನಗರವನ್ನು ನಡೆಸುವ ಯಂತ್ರ ಅಂತ ಆಕೆಯ ವಾದ. ಗಮನಿಸಿ, ಅವರು ಅದನ್ನು ಹಳ್ಳಿ ಅಂತ ಹೊಗಳಲಿಲ್ಲ, ನಗರ ಅಂತಲೇ ಹೊಗಳಿದರು. ಅವರೂ ನೆರೆಹೊರೆಯವರೂ ಸೇರಿ ಅಲ್ಲಿಯ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ನಡುವೆ ಹಾಯಬೇಕಿದ್ದ ರಸ್ತೆಯನ್ನು ನಿಲ್ಲಿಸಿದರು. ರಸ್ತೆ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಇವತ್ತು ಅಲ್ಲಿ ಕವಿ ಹಾಗಿರಲಿ, ನನ್ನ ಕಂಪನಿಯ ಅಮೆರಿಕದ ಮ್ಯಾನೇಜರಿಗೂ ಮನೆ ಹಿಡಿಯೋದು ಕಷ್ಟ. ದಿಲ್ಲಿಯ ಹೌಜ್ ಖಾಸ್ ವಿಲೇಜಿನದೂ ಇದೇ ಹಾಡು. ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಬುಟೀಕು.

ಹಳೇ ಹುಬ್ಬಳ್ಳಿಗೆ ಬುಟೀಕಿನ ಭಯ ಸದ್ಯಕ್ಕಿಲ್ಲ, ಗಟಾರದ ವಾಸನೆ ಕಾಪಾಡುತ್ತಿದೆ! ಇಲ್ಲಿಯ ಭಯ ಬೇರೆ. ಹುಡುಗ ಕಲಿತು ನೌಕರಿ ಹಿಡಿದರೆ ಮೊದಲು ಮಾಡುವ ಕೆಲಸ ಅಪ್ಪ ಅವ್ವನನ್ನು ಬೇರೆ ಲೇಔಟಿಗೆ ಒಯ್ಯೋದು. ಅವನ ತಪ್ಪಲ್ಲ, ಎಪ್ಪತ್ತರ ಅವ್ವ ರಾತ್ರಿ ಎರಡಕ್ಕೆ ಕೊಡ ಎತ್ತಲಿ ಅಂತ ಯಾವ ಮಗ ಬಯಸುತ್ತಾನೆ? ಹೋದವನ ಮನೆಗೆ ಬೀಗ ಬೀಳುತ್ತೆ, ಮಾಳಿಗೆ ಸೋರಿ ಗೋಡೆ ಕೂತು ಹೋಗುತ್ತೆ. ಉಳಿದವರ ಕಟ್ಟೆಗಳನ್ನು, ರಸ್ತೆ ಅಗಲ ಮಾಡುವಾಗ "ಅತಿಕ್ರಮಣ" ಅಂತ ಒಡೆಯೋದು ಸುಲಭ. ಐದು ವರ್ಷ ಆದ ಮೇಲೆ ಹೋದವನೇ ಬಂದು, ಬೀಗ ಹಾಕಿದ ತನ್ನ ಬಾಗಿಲಿನ ಫೋಟೋ ತೆಗೆದು, "ಕಳೆದುಹೋದ ನನ್ನ ಹಳ್ಳಿ" ಅಂತ ಬರೀತಾನೆ. ನಾವು ನೂರು ಜನ ಹೋಗಿ ಕಣ್ಣೀರು ಹಾಕಿ ಬರ್ತೀವಿ.

ನಾನು ಕೇಳ್ತಾ ಇರೋದು ಬಹಳ ಒಣ ಸಂಗತಿಗಳು, ಬರಹಕ್ಕೆ ರಸ ಬರೋದಿಲ್ಲ. ಗಟಾರ ಮುಚ್ಚಬೇಕು. ನಳ ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲೇ ತಿಳಿಸಬೇಕು. ಮಾಳಿಗೆ ಮನೆ ರಿಪೇರಿಗೆ ಬ್ಯಾಂಕು ಸಾಲ ಕೊಡಬೇಕು (ನಮ್ಮ ಓಣಿಯಲ್ಲಿ ಅರ್ಧ ಮನೆಗಳ ಉತಾರ ಇನ್ನೂ ಅಜ್ಜನ ಹೆಸರಲ್ಲಿದೆ, ಅದನ್ನು ಸರಿಪಡಿಸಿಕೊಡೋಕೆ ಒಬ್ಬ ವಕೀಲರು ಬೇಕು, ನಿಮ್ಮಲ್ಲಿ ಯಾರಾದರೂ ಇದ್ದರೆ ಮೇಲ್ ಮಾಡಿ). ಬಾಡಿಗೆ ಕೊಡುವಾಗ "ಯಾವ ಮಂದಿ" ಅನ್ನೋ ಪ್ರಶ್ನೆ ನಿಲ್ಲಬೇಕು. ಇದನ್ನು ಮಾತ್ರ ಸರ್ಕಾರ ಮಾಡೋಕಾಗಲ್ಲ, ಕಾಕಾನ ಜೊತೆ ನಾನೇ ಜಗಳ ಆಡ್ತಾ ಇದ್ದೀನಿ. ಮೊನ್ನೆ ಅವರು, "ಏನ್ ತಮ್ಮಾ, ಕೇಳಿದ್ರ ತಪ್ಪೇನು? ಸುಮ್ಮ ಗೊತ್ತಿರಲಿ ಅಂತ" ಅಂದರು. "ಗೊತ್ತಾಗಿ ಏನ್ ಮಾಡ್ತೀರಿ ಕಾಕಾ?" ಅಂದೆ. ತಂಬಾಕು ತಿಕ್ಕುತ್ತಾ ಸುಮ್ಮನೆ ಕೂತರು. ಜಗಳ ಇನ್ನೂ ನಡೀತಿದೆ.

ಹಳೇ ಹುಬ್ಬಳ್ಳಿ ನೋಡೋಕೆ ಬರೋರಿದ್ದರೆ ಖಂಡಿತ ಬನ್ನಿ. ಗಿರ್ಮಿಟ್, ಚಾ ನನ್ನ ಲೆಕ್ಕದಲ್ಲಿ, ಅಕ್ಕನ ಅಂಗಡಿಯಲ್ಲಿ ಉದ್ರಿ ಬರೆಸ್ತೀನಿ. ನೀರಿನ ದಿನ ಮಾತ್ರ ಬರಬೇಡಿ, ಅವತ್ತು ಯಾರೂ ಮಾತಿಗೆ ಸಿಗೋದಿಲ್ಲ. ನಾನೂ ಸೇರಿ.